ಯರ್ರಪ್ಪನವರ ಪರುಪು

ಬಡಗಿಗಳು ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಳ್ಳುತ್ತಾರೆ. ಹವಾಲ್ದಾರ್ ಯರ್ರಪ್ಪನವರು ಬಸ್ಸಿನ ಟಿಕೆಟು ಸಿಕ್ಕಿಸಿಕೊಳ್ಳುತ್ತಿದ್ದರು. ಗೌನಿಪಲ್ಲಿಯಿಂದ ಶ್ರೀನಿವಾಸಪುರಕ್ಕೆ ಬೆಳಗಿನ ಬಸ್ಸಿನಲ್ಲಿ ಬಂದು ಇಳಿಯುವಾಗ ಉಳಿದವರೆಲ್ಲ ಬಿಸಾಡಿ ಹೋಗುವ ಆ ಚೀಟಿ ಅವರಿಗೆ ಆ ದಿನದ ಮುಖ್ಯ ಉಪಕರಣ. ಬಂದೂಕಿನ ನಳಿಗೆಗೂ ಅದರ ಕೆಳಗಿನ ಮರಕ್ಕೂ ನಡುವೆ ಅದನ್ನು ತೂರಿಸಿ, ತುದಿಯಿಂದ ಬುಡದ ಕಡೆಗೆ ಎಳೆಯುವರು. ಸರಾಗವಾಗಿ ಓಡಿದರೆ ಬಂದೂಕು ಆರೋಗ್ಯವಾಗಿದೆ. ಎಲ್ಲಾದರೂ ತಡೆದು ನಿಂತಿತೋ, ಅಲ್ಲಿ ಮರ ಕಬ್ಬಿಣವನ್ನು ಮುಟ್ಟುತ್ತಿದೆ. ಮುಟ್ಟಬಾರದು. ಗುಂಡು ಹಾರುವ ಗಳಿಗೆಯಲ್ಲಿ ನಳಿಗೆ ವೀಣೆಯ ತಂತಿಯ ಹಾಗೆ ಅದುರುತ್ತದಂತೆ. ತಂತಿಗೆ ಬೆರಳು ತಾಗಿದರೆ ಅಪಸ್ವರ. ನಳಿಗೆಗೆ ಮರ ತಾಗಿದರೆ ಗುಂಡಿಗೆ ದೇಶಾಂತರ.

ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾಗಿ ಬಂದು, ಶ್ರೀನಿವಾಸಪುರದ ಒಂದು ಲೈಸೆನ್ಸುದಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ಅದೇ ಕೆಲಸಕ್ಕೆ ಕೂತವರು ಅವರು. ಕುಳ್ಳಗೆ, ಇಸ್ತ್ರಿ ಮಾಡಿದ ಖಾಕಿ ಅಂಗಿ, ಅಳತೆಪಟ್ಟಿ ಇಟ್ಟು ಕತ್ತರಿಸಿದಂಥ ಬಿಳಿ ಮೀಸೆ. ಮಾತು ಅರ್ಧ ಕನ್ನಡ, ಅರ್ಧ ತೆಲುಗು; ಕೋಪ ಬಂದರೆ ಪೂರ್ತಿ ತೆಲುಗು. ಬಂದೂಕಿಗೆ ತುಪಾಕಿ, ಅದರ ಮರಕ್ಕೆ ಕಟ್ಟೆ. ಕೇಳಿದವರಿಗೆಲ್ಲ ಒಂದೇ ಸಿದ್ಧಾಂತ ಹೇಳುತ್ತಿದ್ದರು: “ಮೊದ್ಲು ಸ್ಕ್ರೂ, ಆಮೇಲೆ ಕಟ್ಟೆ, ಆಮೇಲೆ ಕಬ್ಣ. ಕೊನೇಗೆ ಮನುಷ್ಯ. ಮನುಷ್ಯನ್ನ ಮೊದ್ಲೇ ಹಿಡ್ಕೊಂಡ್ರೆ ಸ್ಕ್ರೂ ಕೂತ್ಕೊಂಡು ನಗ್ತಾ ಇರ್ತೈತೆ.”

ಆ ‘ಕೊನೇಗೆ ಮನುಷ್ಯ’ ಎಂಬುದರಲ್ಲೇ ನನ್ನ ಸಂಕಟವಿತ್ತು. ಅದನ್ನು ಸ್ವಲ್ಪ ವಿವರಿಸಬೇಕು.

ಮುಳಬಾಗಿಲಿನ ನಮ್ಮ ಮನೆತನದಲ್ಲಿ ತಲೆತಲಾಂತರದಿಂದ ಕೈಗೆ ಬಂದದ್ದು ಪಂಚಾಂಗ. ನಮ್ಮ ತಂದೆಯವರು ಮಾತ್ರ ಕಾಲೇಜಿನಲ್ಲಿ ಎನ್‌ಸಿಸಿ ನೋಡಿಕೊಳ್ಳುತ್ತ ಗುರಿ ಹೊಡೆಯುವ ರುಚಿ ಹತ್ತಿಸಿಕೊಂಡು, ಲೈಸೆನ್ಸು ಪಡೆದು ಒಂದು ಪಾಯಿಂಟ್ ಟೂಟೂ ಬೋಲ್ಟ್ ರೈಫಲ್ಲು ಕೊಂಡರು. ಕಾಗದದ ಹೊರತು ಇನ್ನಾವ ಜೀವಿಯನ್ನೂ ಕೊಲ್ಲದ ಸಾತ್ವಿಕ ಬಂದೂಕು ಅದು. ಅವರ ನಂತರ ಲೈಸೆನ್ಸು ನನ್ನ ಹೆಸರಿಗಾಯಿತು. ನಾನು ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದವನು; ಕೂದಲಗಲದ ಗೆರೆಯನ್ನು ಊರಾಚೆ ತನಕ ಎಳೆದು ಅನ್ನ ತಿಂದವನು. ಭಾನುವಾರಗಳಲ್ಲಿ ಕೋಲಾರದ ಹೊರಗಿನ ಬಂಡೆಗುಡ್ಡದ ಬುಡದಲ್ಲಿರುವ ರೇಂಜಿಗೆ ಹೋಗಿ, ಐವತ್ತು ಮೀಟರಿನ ಕಾಗದಕ್ಕೆ ಬೋರಲು ಮಲಗಿ ಗುರಿ ಹೊಡೆಯುವುದು ನಿವೃತ್ತಿಯ ವ್ಯಸನವಾಗಿತ್ತು.

ತಂದೆಯವರಿಂದ ಇನ್ನೊಂದು ಆಸ್ತಿಯೂ ನನಗೆ ಬರುವ ಸಂಭವವಿತ್ತು. ಅರವತ್ತು ದಾಟಿದ ಮೇಲೆ ಅವರ ಕೈ ನಡುಗತೊಡಗಿತು. ಮೊದಲು ಬಂದೂಕು ಬಿಟ್ಟರು, ಆಮೇಲೆ ಬರೆಯುವುದು ಬಿಟ್ಟರು, ಕಡೆಗಾಲದಲ್ಲಿ ಅಮ್ಮ ತುತ್ತು ಮಾಡಿ ಬಾಯಿಗಿಡುತ್ತಿದ್ದರು. ನನಗೆ ಆ ವರ್ಷ ಅರವತ್ತೊಂದು ತುಂಬಿತ್ತು. ನನ್ನ ಗುಂಡುಗಳು ಆ ವರ್ಷವೇ ದಾರಿ ತಪ್ಪಿದವು.

ಮೊದಲು ಐದು ಗುಂಡು ಒಂದು ಎಂಟಾಣೆ ಬಿಲ್ಲೆಯೊಳಗೆ ಅಡಗುತ್ತಿದ್ದವು. ಈಗ ಒಂದು ಉತ್ತರಕ್ಕೆ, ಒಂದು ಈಶಾನ್ಯಕ್ಕೆ, ಉಳಿದವು ತಮಗಿಷ್ಟ ಬಂದ ಕಡೆಗೆ. ತೋಟಾ ಬದಲಿಸಿದೆ, ಇಲ್ಲ. ಗುರಿ ನೋಡುವ ಕಿಂಡಿ ಒರೆಸಿ ಬಿಗಿದೆ, ಇಲ್ಲ. ಅಷ್ಟರಲ್ಲಿ ಮನೆಯಲ್ಲೊಂದು ಸಂಗತಿ ಗಮನಕ್ಕೆ ಬಂತು. ಹೆಂಡತಿ ಸರೋಜ ನನ್ನ ಕಾಫಿ ಲೋಟವನ್ನು ಮುಕ್ಕಾಲು ಮಾತ್ರ ತುಂಬುತ್ತಿದ್ದಳು. ಹಾಲಿನ ಬೆಲೆ ಏರಿತೆಂದುಕೊಂಡೆ. ಅವಳದು ಕಂಠಮಟ್ಟ ತುಂಬಿಯೇ ಇತ್ತು. ತುಳುಕಬಾರದೆಂದು ಅವಳು ಮಾಡಿದ ಏರ್ಪಾಡು ಅದು. ಇಬ್ಬರೂ ಆ ವಿಷಯ ಎತ್ತಲಿಲ್ಲ. ಲೋಕದಲ್ಲಿ ಜನ ಕುರುಡುಮಲೆ ಗಣಪತಿಗೆ ಏನೇನೋ ಹರಕೆ ಹೊರುತ್ತಾರೆ. ಸ್ವಂತ ತಂದೆಯ ಬಂದೂಕು ಕೆಟ್ಟಿರಲಪ್ಪಾ ಎಂದು ಬೇಡಿಕೊಂಡವನು ಬಹುಶಃ ನಾನೊಬ್ಬನೇ.

ಹೀಗೆ ಯರ್ರಪ್ಪನವರ ಮುಂದೆ ಹೋಗಿ ಕೂತೆ. ಲೈಸೆನ್ಸು ನೋಡಿ, ರಿಜಿಸ್ಟರಿನಲ್ಲಿ ನನ್ನಿಂದ ಸಹಿ ಹಾಕಿಸಿಕೊಂಡು, ನಾನು ತಂದಿದ್ದ ತೂತುಬಿದ್ದ ಕಾಗದಗಳನ್ನು ಜಾತಕ ಹರಡಿದ ಹಾಗೆ ಹರಡಿಕೊಂಡರು. ಸ್ಕ್ರೂಗಳನ್ನು ನೋಡಿದರು. ನಳಿಗೆಯ ಬುಡವನ್ನು ಮರಕ್ಕೆ ಹಿಡಿದಿಡುವ ಎರಡು ಸ್ಕ್ರೂಗಳಲ್ಲಿ ಹಿಂದಿನದು ಅರ್ಧ ಸುತ್ತು ಸಡಿಲ. ನನ್ನ ಎದೆ ಸ್ವಲ್ಪ ಹಗುರಾಯಿತು. ಆಮೇಲೆ ಕಿವಿಯ ಮೇಲಿನ ಟಿಕೆಟು ಇಳಿಯಿತು. ಮುಂದಿನಿಂದ ಆರು ಬೆರಳಿನಷ್ಟು ಓಡಿ ಅಲ್ಲೇ ನಿಂತಿತು. ಎಲೆಕ್ಷನ್ನಿನಲ್ಲಿ ಬಂದೂಕು ಎಲ್ಲಿತ್ತೆಂದು ಕೇಳಿದರು.

ಚುನಾವಣೆ ಬಂದಾಗ ಎಲ್ಲ ಲೈಸೆನ್ಸುದಾರರಂತೆ ಠಾಣೆಗೆ ಒಪ್ಪಿಸಿದ್ದೆ. ಫಲಿತಾಂಶ ಬಂದು, ಗೆದ್ದವರು ಮೆರವಣಿಗೆ ಮುಗಿಸಿದ ಮೇಲೂ ನಾನು ಹೋಗಿ ತರಲಿಲ್ಲ. ಇಡೀ ಮಳೆಗಾಲ ಅದು ಅಲ್ಲಿಯೇ ಗೋಡೆಗೆ ಒರಗಿ ನಿಂತು, ಆಯುಧಪೂಜೆಗೆ ಕುಂಕುಮ ಹಚ್ಚಬೇಕಲ್ಲ ಎಂದು ನೆನಪಾದಾಗ ಮನೆಗೆ ಬಂತು. ಸೋಮಾರಿತನ ಪೂರ್ತಿ ನನ್ನದೇ. ಕಟ್ಟೆ ನೀರು ಕುಡಿದು ಸೊಟ್ಟಗಾಗಿದೆ ಎಂದರು. ನಾನು ಎಂಥ ಆನಂದದಿಂದ ತಲೆಯಾಡಿಸಿದೆನೆಂದರೆ, ಅವರು ಕೈಯೆತ್ತಿ ತಡೆದರು.

“ಇನ್ನೂ ಕಟ್ಟೆ ಹತ್ರ ಇದೀವಿ ಸಾಮಿ. ನಗೋಕೆ ಟೈಮೈತೆ.”

ಬಂದೂಕನ್ನು ಬಿಚ್ಚಿ ನೋಡಲು ಇಟ್ಟುಕೊಂಡರು. ಎರಡು ದಿನದ ನಂತರ ಫೋನು ಬಂತು. ನಳಿಗೆ ಚೆನ್ನಾಗಿದೆ, ಪರುಪು ಮಾತ್ರ ಹಾಳಾಗಿದೆ, ಹೊಸ ಪರುಪು ಹಾಕಬೇಕು, ನಾಳೆ ಬಂದರೆ ಎದುರಿಗೇ ಮಾಡೋಣ ಎಂದರು. ತೆಲುಗು ಬರದವನಾಗಿದ್ದರೆ ಏನದು ಎಂದು ಕೇಳುತ್ತಿದ್ದೆ. ಬರುತ್ತಿದ್ದುದೇ ಕೆಟ್ಟದಾಯಿತು. ಪರುಪು ಎಂದರೆ ಹಾಸಿಗೆ. ನಾನು ಬೋರಲು ಮಲಗಿ ಹೊಡೆಯುವವನು. ನೆಲದ ಮೇಲೆ ಹಾಸಿಕೊಳ್ಳುತ್ತಿದ್ದುದು ಮಜ್ಜಿಗೆ ಬಣ್ಣಕ್ಕೆ ತಿರುಗಿದ ಒಂದು ಹಳೆಯ ಜಮಖಾನ. ಮೊಣಕೈಗೆ ಕಲ್ಲು ಒತ್ತುತ್ತದೆ, ಅದಕ್ಕೇ ಕೈ ಅಲುಗುತ್ತದೆ! ಇಷ್ಟು ಸರಳ ಸತ್ಯ ಹೊಳೆಯಲಿಲ್ಲವಲ್ಲ ಎಂದು ನನ್ನ ಬುದ್ಧಿಗೆ ಛೀಮಾರಿ ಹಾಕಿ, ಮುಳಬಾಗಿಲಿನ ಪೇಟೆಯಲ್ಲಿ ಬೂರುಗದ ಹತ್ತಿಯ ಹಾಸಿಗೆ ಕೊಂಡೆ. ಸರೋಜ ಬಾಗಿಲಲ್ಲಿ ನಿಂತು, ಹಾಸಿಗೆ ಸುತ್ತಿಕೊಂಡು ಎಲ್ಲಿಗೆ ಹೊರಟಿರಿ ಅಂತ ಅಕ್ಕಪಕ್ಕದವರು ಕೇಳಿದರೆ ಏನು ಹೇಳಲಿ ಎಂದಳು. ಬಂದೂಕು ರಿಪೇರಿಗೆ ಎಂದು ಹೇಳು ಎಂದು ಗಂಭೀರವಾಗಿ ಉತ್ತರಿಸಿ ಬಸ್ಸು ಹತ್ತಿದೆ.

ಹಾಸಿಗೆಯ ಸುರುಳಿಯನ್ನು ತಬ್ಬಿಕೊಂಡು ಅಂಗಡಿಯೊಳಗೆ ಕಾಲಿಟ್ಟ ನನ್ನನ್ನು ಯರ್ರಪ್ಪನವರು ಬಹಳ ಹೊತ್ತು ನೋಡಿದರು.

“ಸಾಮಿ, ಇಲ್ಲೇ ಮಲಗ್ತೀರಾ?”

ಪರುಪು ಬೇಕಾದದ್ದು ತುಪಾಕಿಗೆ. ನಳಿಗೆಯ ಬುಡದ ಕಬ್ಬಿಣ ಮರದಲ್ಲಿ ಕೊರೆದ ಗುಳಿಯೊಳಗೆ ಮಲಗಿರುತ್ತದೆ. ಆ ಗುಳಿ ಮೈಗೆ ಸರಿಯಾಗಿ ಕೂರಬೇಕು. ಮರ ಸೊಟ್ಟಗಾದಾಗ ಕಬ್ಬಿಣ ಉಬ್ಬುತಗ್ಗಿನ ಮೇಲೆ ಮಲಗಿದ ಹಾಗಾಗಿ, ಪ್ರತಿ ಗುಂಡಿಗೂ ಮಗ್ಗುಲು ಬದಲಿಸುತ್ತದೆ. ನನ್ನ ಹೆಬ್ಬೆರಳನ್ನು ಮರವೂ ನಳಿಗೆಯೂ ಕೂಡುವ ಸಂದಿನ ಮೇಲಿಟ್ಟು, ಸ್ಕ್ರೂ ಸಡಿಲಿಸಿ ಬಿಗಿದರು. ಬೆರಳ ಕೆಳಗೆ ನಳಿಗೆ ಮೆಲ್ಲಗೆ ಏಳುವುದು, ಇಳಿಯುವುದು ತಿಳಿಯಿತು. “ಉಸಿರಾಡ್ತಾ ಐತೆ ನೋಡಿ. ಉಸಿರಾಡಬಾರ್ದು,” ಎಂದರು. ಉಸಿರಾಡುತ್ತಿರುವುದು ಬಂದೂಕೋ ನನ್ನ ಹೆಬ್ಬೆರಳೋ ಎಂದು ನಾನು ಕೇಳಲಿಲ್ಲ.

ಕಬ್ಬಿಣದ ಹೊಟ್ಟೆಗೆ ಕಾಡಿಗೆ ಹಚ್ಚಿ ಗುಳಿಯಲ್ಲಿ ಕೂರಿಸಿ ಎತ್ತಿದರು. ಮರದಲ್ಲಿ ಮೂರೇ ಮೂರು ಕಡೆ ಕಪ್ಪು ಅಂಟಿತ್ತು. ಅಷ್ಟು ದಿನ ಅದು ಮೂರು ಚುಕ್ಕೆಯ ಮೇಲೆ ನಿಂತಿತ್ತು. ಗುಳಿಯನ್ನು ಹದವಾಗಿ ಕೆರೆದು, ಎರಡು ಟ್ಯೂಬಿನ ಅಂಟನ್ನು ಸಮಸಮ ಕಲಸಿ, ಚಟ್ನಿ ಬಡಿಸುವ ಹಾಗೆ ಹರಡಿ, ಕಬ್ಬಿಣವನ್ನು ಅದರ ಮೇಲೆ ಒತ್ತಿ ಕೂರಿಸಿದರು. ಅದಕ್ಕೆ ಮೊದಲು ಕಬ್ಬಿಣದ ಮೈಗೆಲ್ಲ ಬೂಟ್ ಪಾಲಿಶ್ ಬಳಿದಿದ್ದರು. ಪಾಲಿಶ್ ಕೂದಲಗಲ ತಪ್ಪಿದರೂ ಕಬ್ಬಿಣಕ್ಕೂ ಕಟ್ಟೆಗೂ ಮದುವೆಯಾಗಿಹೋಗುತ್ತದೆ, ಆ ಮದುವೆಗೆ ಯಾವ ಕೋರ್ಟಿನಲ್ಲೂ ಬಿಡುಗಡೆ ಇಲ್ಲ ಎಂದು ಎಚ್ಚರಿಸಿದರು. ಮಾರನೆಯ ದಿನದವರೆಗೆ ಅದು ಗಟ್ಟಿಯಾಗಬೇಕು. ನನ್ನ ಮದುವೆಯ ಹಿಂದಿನ ದಿನವೂ ನಾನು ಅಷ್ಟು ಹೆದರಿರಲಿಲ್ಲ. ಮರುದಿನ ಮರದ ಸುತ್ತಿಗೆಯಲ್ಲಿ ಎರಡು ಸಲ ತಟ್ಟಿದಾಗ ಟಕ್ಕೆಂದು ಬಿಟ್ಟುಕೊಂಡಿತು. ಗುಳಿಯಲ್ಲಿ ಕಬ್ಬಿಣದ ಅಚ್ಚು ಕನ್ನಡಿಯಂತೆ ಮೂಡಿತ್ತು. ನಳಿಗೆಗೆ ತಾಗುತ್ತಿದ್ದ ಮರವನ್ನೂ ಉಜ್ಜಿ ತೆಗೆದರು. ನನ್ನ ಬೂರುಗದ ಹಾಸಿಗೆ ಅಂಗಡಿಯಲ್ಲೇ ಉಳಿಯಿತು. ರಿಪೇರಿಯಾದ ಬಂದೂಕುಗಳನ್ನು ಅದರ ಮೇಲೆ ಮಲಗಿಸುತ್ತಿದ್ದರು.

ಆ ಭಾನುವಾರ ರೇಂಜಿಗೆ ಅವರೇ ಬಂದರು. ಮರಳಿನ ಚೀಲದ ಮೇಲೆ ಬಂದೂಕಿಟ್ಟು ಐದು ಹೊಡೆದರು. ಐದೂ ಸೇರಿ ಒಂದು ಅಂಗಿಯ ಗುಂಡಿಯಷ್ಟು. ಚೀಲ ತೆಗೆದು ನನ್ನನ್ನು ಮಲಗಿಸಿದರು. ನಾನು ಹೊಡೆದ ಐದು, ಹಿಂದಿನಷ್ಟು ಕೆಟ್ಟದಾಗಿರಲಿಲ್ಲ. ಹಳೆಯ ಎಂಟಾಣೆಯೊಳಗೂ ಇರಲಿಲ್ಲ. ಸ್ಕ್ರೂ ಮುಗಿದಿತ್ತು, ಕಟ್ಟೆ ಮುಗಿದಿತ್ತು, ಕಬ್ಬಿಣ ಮುಗಿದಿತ್ತು. ನಾನು ಎದ್ದು ಹೋಗಿ ಬಂಡೆಯ ಬಿಸಿಲಲ್ಲಿ ಕೂತೆ. ಅವರು ಕಾಗದ ತಂದು ಪಕ್ಕದಲ್ಲಿ ಕೂತರು.

“ಮೊದ್ಲ ದಿನಾನೇ ಕಂಡೆ ಸಾಮಿ. ರಿಜಿಸ್ಟರಲ್ಲಿ ಸಹಿ ಹಾಕ್ದಾಗ.”

“ಮತ್ತೆ ಯಾಕೆ ಹೇಳಲಿಲ್ಲ?”

“ಎರಡು ತಪ್ಪಿತ್ತು. ಒಂದು ತೆಗೀದೆ ಇನ್ನೊಂದು ಎಷ್ಟೈತೆ ಅಂತ ಹೆಂಗೆ ಹೇಳ್ಲಿ? ಕಟ್ಟೆ ತಪ್ಪೂ ನಿಮ್ಮ ಕೈ ಮೇಲೇ ಹಾಕ್ಕೊಂಡು ಹೆದ್ರಿದ್ರಿ. ಈಗ ನೋಡಿ. ಇಷ್ಟು.” ಹೆಬ್ಬೆರಳು ತೋರುಬೆರಳ ನಡುವೆ ಸಣ್ಣದೊಂದು ಸಂದು ಮಾಡಿ ತೋರಿಸಿದರು. “ಇದು ನನ್ ಕೆಲ್ಸ ಅಲ್ಲ. ಡಾಕ್ಟ್ರ ಹತ್ರ ಹೋಗಿ.”

ಹೋದೆ. ಕೋಲಾರದ ಡಾಕ್ಟರು ಬೆರಳು ಚಾಚಿಸಿ, ನಡೆಸಿ, ಕಾಗದದ ಮೇಲೆ ಸುರುಳಿ ಬರೆಸಿ, ವಂಶದಲ್ಲಿ ಬರುವ ನಡುಕ ಎಂದರು. ತಂದೆಯವರದೂ ಅದೇ ಇದ್ದಿರಬೇಕು. ಪ್ರಾಣ ತೆಗೆಯುವುದಿಲ್ಲ, ಪ್ರಾಣ ತಿನ್ನುತ್ತದೆ. ಮಾತ್ರೆ ಬರೆದುಕೊಟ್ಟರು. ಹೆಚ್ಚಾಗುತ್ತದೆಯೇ ಎಂದು ಕೇಳಿದ್ದಕ್ಕೆ, ನೋಡುತ್ತಿರೋಣ ಎಂದರು.

ಈ ‘ನೋಡುತ್ತಿರೋಣ’ ಯರ್ರಪ್ಪನವರಿಗೆ ಸರಿಬರಲಿಲ್ಲ. ನೋಡುವುದೆಂದರೆ ಅಳೆಯುವುದು ಎಂದು, ಎರಡು ತಿಂಗಳಿಗೊಂದು ಭಾನುವಾರ ಗೊತ್ತುಮಾಡಿದರು. ಬಂದೂಕು ಸರಿಯಾಗಿದೆಯೆಂದು ಖಾತ್ರಿಯಾಗಲು ಮೊದಲು ಅವರು ಚೀಲದ ಮೇಲೆ ಐದು ಹೊಡೆಯುವುದು, ಆಮೇಲೆ ಪಕ್ಕದ ವೃತ್ತಕ್ಕೆ ನಾನು ಐದು. ಹಾಳೆ ತಂದು ಕ್ಯಾಲಿಪರಿನಲ್ಲಿ ಅಳೆದು, ಮಿಲಿಮೀಟರು ಬರೆದು, ಬಂದೂಕಿನ ಜೊತೆ ಅಂಗಡಿಗೆ ಒಯ್ದು ಮೊಳೆಗೆ ಸಿಕ್ಕಿಸುವರು; ಬಂದೂಕು ಎರಡು ದಿನ ಅಲ್ಲೇ. “ಅಂಗೇ ಐತೆ ಸಾಮಿ” ಎಂದರೆ ಮುಂದಿನ ಎರಡು ತಿಂಗಳು ಬದುಕಲು ಅಪ್ಪಣೆ ಸಿಕ್ಕ ಹಾಗೆ. ಒಂದೂವರೆ ವರ್ಷ ಹೀಗೆ ನಡೆಯಿತು. ಕೊನೆಯ ಎರಡು ಸಲ ಕ್ಯಾಲಿಪರನ್ನು ನನ್ನ ಕೈಗೇ ಕೊಟ್ಟು ನೀವೇ ಓದಿ ಎಂದರು. ಸರ್ವೆಯವನ ಕಣ್ಣಿಗೆ ಸಂದ ಗೌರವವೆಂದು ಭಾವಿಸಿ, ಹೆಮ್ಮೆಯಿಂದ ನನ್ನ ಅಂಕಿಯನ್ನು ಗಟ್ಟಿಯಾಗಿ ಓದಿದೆ.

ಹತ್ತನೆಯ ಭಾನುವಾರ ಅವರು ಬರಲಿಲ್ಲ. ಫೋನು ಎತ್ತುವವರಿರಲಿಲ್ಲ. ವಾರ ಕಳೆದು ಅಂಗಡಿಗೆ ಹೋದೆ. ಮಾಲೀಕರು, ಹವಾಲ್ದಾರರು ಮದನಪಲ್ಲಿಯ ಮಗಳ ಮನೆಯಲ್ಲಿ ತೀರಿಕೊಂಡು ಹದಿಮೂರು ದಿನವಾಯಿತು ಎಂದರು.

“ಸಕ್ಕರೆ ಕಾಯಿಲೆ ಸಾರ್. ಕೊನೇಗೆ ಕಣ್ಣು ಪೂರ್ತಿ ಹೋಗ್ಬಿಟ್ಟಿತ್ತಲ್ಲ. ನಿಮ್ಗೆ ಗೊತ್ತಿರ್ಲಿಲ್ವಾ?”

ಮೊಳೆಯಲ್ಲಿದ್ದ ಹಾಳೆಗಳನ್ನು ತೆಗೆದು ನನ್ನ ಕೈಗಿಟ್ಟರು. ಬಸ್ಸಿನಲ್ಲಿ ಕೂತು ಒಂದೊಂದಾಗಿ ತಿರುವಿದೆ. ನನ್ನ ಅಂಕಿ ಮೂವತ್ತೆಂಟು, ನಲವತ್ತು, ಮೂವತ್ತೊಂಬತ್ತು, ಹೆಚ್ಚು ಅಲುಗಾಡಿರಲಿಲ್ಲ. ಪಕ್ಕದ ವೃತ್ತದಲ್ಲಿ ಅವರದು. ಹನ್ನೊಂದು. ಹನ್ನೆರಡು. ಹದಿನೇಳು. ಇಪ್ಪತ್ತಾರು. ಪ್ರತಿಯೊಂದರ ಕೆಳಗೂ ತೆಲುಗು ಅಕ್ಷರದಲ್ಲಿ, ಬಂದೂಕು ಬಿಚ್ಚಿ ನೋಡಿದೆ, ಏನೂ ದೋಷವಿಲ್ಲ ಎಂದು ಬರೆದಿತ್ತು. ಕೊನೆಯ ಎರಡು ಹಾಳೆಗಳಲ್ಲಿ ಅವರ ಗುಂಡುಗಳಿಗೆ ಅಂಕಿಯೇ ಇರಲಿಲ್ಲ. ಕಟ್ಟಕಡೆಯದರಲ್ಲಿ ಐದು ಗುಂಡಿಗೆ ನಾಲ್ಕೇ ತೂತು.

ಒಂಬತ್ತು ಸಲವೂ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಒಂಬತ್ತು ಸಲವೂ ಕಾಗದ ಕೈಗೆ ಬರುವ ಮೊದಲೇ ಕೇಳಿದ್ದೆ, ನನ್ನದು ಎಷ್ಟು ಎಂದು.