ಎರಡು ಹೆಜ್ಜೆಯ ಫರಕು

ಹೊಸ ಗಾಡಿಯ ಸೀಟಿಗೆ ಹೊದಿಸಿರುವ ಪ್ಲಾಸ್ಟಿಕ್ಕಿಗೆ ಒಂದು ವಾಸನೆ ಇರುತ್ತದೆ, ನೀವೂ ಬಲ್ಲಿರಿ. ಕಳೆದ ಭಾನುವಾರ ಷೋರೂಮಿನಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ನಾನು ಹಳೆಯ ಅಭ್ಯಾಸದಂತೆ ಡ್ರೈವರ್ ಸೀಟು ಹತ್ತಿ ಕುಳಿತುಬಿಟ್ಟೆ. ಗಾಡಿ ಕೊಳ್ಳಲು ಬಂದವಳು ಮಗಳು. ಕೆಲಸಕ್ಕೆ ಸೇರಿ ಆರು ತಿಂಗಳಾಗಿದೆ, ಲೈಸೆನ್ಸೂ ಇದೆ. ಎತ್ತರ ಮಾತ್ರ ಅವಳ ತಾಯಿಯದು, ನನ್ನ ಭುಜಕ್ಕೂ ಬರುವುದಿಲ್ಲ. ಅವಳು ಹಿಂದಿನ ಬಾಗಿಲು ತೆಗೆದು, ತಿಂಡಿ ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. "ಇದು ನಿನಗೆ ದೊಡ್ಡದಾಯ್ತಮ್ಮ, ಮುಂದಿನದು ಕಾಣೋದಿಲ್ಲ," ಎಂದು ನಾನು ಆಗಲೇ ತೀರ್ಪು ಕೊಟ್ಟಾಗಿತ್ತು. ಕೊಟ್ಟ ಮೇಲೆ ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಆ ಮುಖವನ್ನು ನಾನು ಬಹಳ ವರ್ಷಗಳ ಹಿಂದೆ ಅಹಮದಾಬಾದಿನಲ್ಲಿ ಒಮ್ಮೆ ನೋಡಿದ್ದೆ, ಬೇರೊಬ್ಬರದು.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಪಂಪು ತಯಾರಿಸುವ ಕಂಪನಿಯೊಂದರಲ್ಲಿ ನಕ್ಷೆ ಬರೆಯುವವನು. ಸ್ಯಾಟಲೈಟ್ ಬಡಾವಣೆಯ ಒಂದು ವಸತಿ ಸೊಸೈಟಿಯ ಮೂರನೆಯ ಮಹಡಿಯಲ್ಲಿ ವಾಸ. ಆ ಊರಿನ ಬೇಸಿಗೆ ಹೇಗೆಂದರೆ, ನಲ್ಲಿ ತಿರುಗಿಸಿದರೆ ಕಾಫಿಗೆ ಆಗುವಷ್ಟು ಬಿಸಿ ನೀರು ಬರುತ್ತಿತ್ತು. ಮನೆಯಲ್ಲಿದ್ದದ್ದು ಒಂದು ಫ್ಯಾನು, ಅದೂ ಬಿಸಿ ಗಾಳಿಯನ್ನೇ ಸಮನಾಗಿ ಹಂಚುತ್ತಿತ್ತು. ಆಗ ನನಗೆ ಹೊಳೆದ ಉಪಾಯ ಟೆಸ್ಟ್ ಡ್ರೈವ್. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಷೋರೂಮಿಗೆ ಹೋದರೆ ಮೊದಲು ತಣ್ಣೀರು, ಆಮೇಲೆ ಚಹಾ, ಕೆಲವು ಕಡೆ ಢೋಕ್ಲಾದಂಥ ಖಮಣ, ಕೊನೆಗೆ ಅರ್ಧ ಗಂಟೆ ಏಸಿ ಗಾಡಿಯಲ್ಲಿ ಸವಾರಿ. ನನ್ನ ಸ್ವಂತ ವಾಹನ ಕಿಕ್ ಹೊಡೆದರೆ ಕೆಮ್ಮುವ ಸ್ಕೂಟರು. ಅದನ್ನು ಎರಡು ಅಂಗಡಿ ಆಚೆಗೇ ನಿಲ್ಲಿಸಿ, ಕಾರಿನಿಂದ ಇಳಿದವನ ಠೀವಿಯಲ್ಲಿ ನಡೆದು ಬರುತ್ತಿದ್ದೆ. ಮಾಡಬಾರದ ಕೆಲಸ, ಒಪ್ಪುತ್ತೇನೆ. ಆದರೆ ಆ ಸೆಕೆಯಲ್ಲಿ ನೀವಿದ್ದಿದ್ದರೆ ನನ್ನ ಜತೆಗೇ ಬರುತ್ತಿದ್ದಿರಿ.

ಒಂದೇ ತೊಡಕು. ಆ ಊರಿನಲ್ಲಿ ಗಾಡಿ ಕೊಳ್ಳಲು ಯಾರೂ ಒಬ್ಬರೇ ಹೋಗುವುದಿಲ್ಲ. ಅಜ್ಜಿ, ಅತ್ತಿಗೆ, ಮೊಮ್ಮಕ್ಕಳು ಎಲ್ಲ ಬಂದು, ಎಲ್ಲರೂ ಕುಳಿತು ನೋಡಿ, ಅಜ್ಜಿ ಹೂಂ ಅಂದರೆ ಮಾತ್ರ ವ್ಯಾಪಾರ. ಹಾಗಾಗಿ ಸೇಲ್ಸಿನವರು ನನ್ನ ಮುಖಕ್ಕಿಂತ ನನ್ನ ಬೆನ್ನ ಹಿಂದೆ ಹೆಚ್ಚು ನೋಡುತ್ತಿದ್ದರು, ಮನೆಯವರು ಎಲ್ಲಿ ಎಂದು. ಅದರಲ್ಲೂ ನದಿ, ಗುಡ್ಡ ಎಲ್ಲಿ ಬೇಕಾದರೂ ನುಗ್ಗುವಂಥ ಒಂದು ದೊಡ್ಡ ಗಾಡಿ ಬಂದಿತ್ತು. ಈಗ ಎಸ್‌ಯುವಿ ಅನ್ನುತ್ತಾರೆ, ನಮಗಾಗ ಎತ್ತರದ್ದೆಲ್ಲ ಜೀಪೇ. ಒಂಟಿ ಬ್ರಹ್ಮಚಾರಿಗೆ ಅದರ ಬಾಗಿಲು ಮುಟ್ಟಲೂ ಕೊಡುತ್ತಿರಲಿಲ್ಲ. ನನಗೊಬ್ಬರು ಹಿರಿಯರು ಬೇಕಾದರು.

ಕೆಳಗಿನ ಮನೆಯಲ್ಲಿ ಕಮಲಕ್ಕ ಇದ್ದರು. ಹುಬ್ಬಳ್ಳಿಯವರು, ಯಜಮಾನರಿಗೆ ಬ್ಯಾಂಕಿನಿಂದ ಇಲ್ಲಿಗೆ ವರ್ಗವಾಗಿತ್ತು. ಅಡ್ಡಹೆಸರು ದೇಸಾಯಿ. ಗುಜರಾತಿನಲ್ಲೂ ದೇಸಾಯರು ತುಂಬಿಕೊಂಡಿದ್ದರಿಂದ ಊರವರು ಇವರನ್ನು ತಮ್ಮವರೆಂದೇ ತಿಳಿದು ಮದುವೆ ಕಾಗದ ಕೊಡುತ್ತಿದ್ದರು, ನಮ್ಮ ದೇಸಾಯರು ಸಂಕೋಚವಿಲ್ಲದೆ ಹೋಗಿ ಉಂಡು ಬರುತ್ತಿದ್ದರು. ಕಮಲಕ್ಕ ಕುಳ್ಳಗೆ, ಚುರುಕಾಗಿ, ನಿಂತಲ್ಲಿ ನಿಲ್ಲದ ಹೆಂಗಸು. ಸುಮ್ಮನೆ ದೊಡ್ಡಕ್ಕನ ಹಾಗೆ ಕುಳಿತಿದ್ದರೆ ಸಾಕು, ಮಿಕ್ಕದ್ದು ನನಗೆ ಬಿಡಿ ಎಂದು ಕೇಳಿಕೊಂಡೆ. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ. ಅವರು ಕೇಳಿದ್ದು, ಯಾವ ದಿನ ಎಂದು.

ಇಷ್ಟು ಬೇಗ ಒಪ್ಪಿದ್ದೇಕೆಂಬುದು ದಾರಿಯಲ್ಲಿ ಗೊತ್ತಾಯಿತು. ಯಜಮಾನರು ಬ್ಯಾಂಕಿಗೆ ಹೋದ ಹೊತ್ತಿನಲ್ಲಿ ಕಮಲಕ್ಕ ಗುಟ್ಟಾಗಿ ಡ್ರೈವಿಂಗ್ ಕಲಿತು ಲೈಸೆನ್ಸು ಮಾಡಿಸಿಕೊಂಡಿದ್ದರು. ಲೈಸೆನ್ಸು ಅಂಚೆಯಲ್ಲಿ ಬಂದ ದಿನ ದೇಸಾಯರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಂತೆ. ದೀಪಾವಳಿಗೆ ಕಾರು ಬರುವುದಿತ್ತು. ಅದನ್ನು ಹೊಡೆಯುವವರು ಯಾರೆಂಬುದೂ ಆ ನಗುವಿನಲ್ಲೇ ತೀರ್ಮಾನವಾಗಿತ್ತು.

"ಸ್ಟೇರಿಂಗ್ ಮ್ಯಾಲೆ ಬರೇ ನಿನ್ನ ಕುಂಕುಮ ಕಾಣತದ, ಡ್ರೈವರ್ ಇಲ್ಲದ ಗಾಡಿ ಅಂತ ಜನಾ ಹೆದರ್ತಾರ ಅಂದ್ರು," ಎಂದರು ಕಮಲಕ್ಕ. "ನನಗ ರಸ್ತಾ ಕಾಣತದೋ ಇಲ್ಲೋ, ಅದೊಂದು ಖರೇ ಗೊತ್ತಾಗಬೇಕು ತಮ್ಮಾ. ಕಾಣಲಿಲ್ಲ ಅಂದ್ರ ಲೈಸೆನ್ಸ್ ಟ್ರಂಕಿನ್ಯಾಗ ಇಟ್ಟು ಸುಮ್ಮನಾಗ್ತೀನಿ."

ನಾನು ತಂಪು ಗಾಳಿಗೆ ಹೊರಟಿದ್ದೆ. ಅವರು ಪರೀಕ್ಷೆಗೆ ಹೊರಟಿದ್ದರು. ಕೈಯಲ್ಲಿ ಒಗ್ಗರಣೆ ಅವಲಕ್ಕಿಯ ಸ್ಟೀಲ್ ಡಬ್ಬಿ ಬೇರೆ.

ಷೋರೂಮಿನಲ್ಲಿ ನಮ್ಮನ್ನು ಎದುರುಗೊಂಡವರು ಜಯಂತಿಭಾಯ್ ಎಂಬ ನಡುವಯಸ್ಸಿನ, ಮಿತಭಾಷಿ ಮನುಷ್ಯ. ಸೂರತ್ತಿನ ಹತ್ತಿರ ಸಚಿನ್ ಎಂಬ ಊರಿನಲ್ಲಿ ನಮ್ಮದೊಂದು ಬಟ್ಟೆಗೆ ಬಣ್ಣ ಹಾಕುವ ಫ್ಯಾಕ್ಟರಿ ಇದೆಯೆಂದು ನಾನು ಹಿಂದಿಯಲ್ಲಿ ರೈಲು ಬಿಟ್ಟೆ. ಹೊರನಾಡಿನ ಕನ್ನಡಿಗರಿಗೆ ಒಂದು ಮೂಢನಂಬಿಕೆ ಇದೆ: ಗಡಿ ದಾಟಿದ ಮೇಲೆ ಕನ್ನಡವೆಂಬುದು ಬೀಗ ಹಾಕಿದ ಪೆಟ್ಟಿಗೆ, ಬೀಗದ ಕೈ ನಮ್ಮೊಬ್ಬರ ಹತ್ತಿರವೇ ಇದೆ ಎಂದು. ಬಸ್ಸಿನಲ್ಲಿ ಪಕ್ಕದವರ ಮೂಗಿನ ವರ್ಣನೆಯನ್ನು ಅವರ ಕಿವಿಯ ಬುಡದಲ್ಲೇ ಮಾಡುತ್ತೇವೆ. ಅಂದೂ ಹಾಗೆಯೇ. ಜಯಂತಿಭಾಯ್ ಫ್ಯಾಕ್ಟರಿಯಲ್ಲಿ ಎಷ್ಟು ಜನ ಎಂದು ಕೇಳಿದಾಗ ನಾನು ಕಮಲಕ್ಕನ ಕಡೆ ತಿರುಗಿ, ಎಷ್ಟು ಹೇಳಲಿ ಎಂದು ಕನ್ನಡದಲ್ಲೇ ಕೇಳಿದೆ. ಸುಳ್ಳು ನಿಂದು, ಲೆಕ್ಕಾನೂ ನೀನೇ ಮಾಡು, ಆದರೆ ಈ ಮನುಷ್ಯನ ಮುಖ ನೋಡಿದರೆ ಪಾಪ ಅನ್ನಿಸುತ್ತದೆ ಎಂದು ಅವರೂ ಅಷ್ಟೇ ಜೋರಾಗಿ ಹೇಳಿದರು. ಜಯಂತಿಭಾಯ್ ಚಹಾ ತರಿಸಿದರು.

ಕಮಲಕ್ಕ ಡ್ರೈವರ್ ಸೀಟೊಂದನ್ನು ಬಿಟ್ಟು ಗಾಡಿಯ ಮಿಕ್ಕ ಸೀಟುಗಳಲ್ಲಿ ಒಂದೊಂದರಲ್ಲೂ ಕುಳಿತು ನೋಡಿದರು, ಕಾಲು ಇಳಿಬಿಟ್ಟು ಒಮ್ಮೆ, ಚಕ್ಕಳಮಕ್ಕಳ ಹಾಕಿ ಒಮ್ಮೆ. ಹತ್ತುವಾಗ ಸೀರೆಯ ನಿರಿಗೆ ಎತ್ತಿ ಹಿಡಿಯಬೇಕಾದ್ದಕ್ಕೆ ಇದು ಗಾಡಿಯಲ್ಲ, ಅಟ್ಟ ಎಂದರು. ನಡುವಿನ ಸೀಟು ಚೆನ್ನಾಗಿದೆ, ಕಿಟಕಿಯೊಂದು ಎತ್ತರವಾಯಿತು. ಹಿಂದೆ ಎದುರುಬದುರು ಇದ್ದ ಸಣ್ಣ ಸೀಟುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗುತ್ತದೆ, ಬೀಗರನ್ನು ಅಲ್ಲಿ ಕೂರಿಸಿದರೆ ಮುಂದಿನ ಸಲ ಬರುವುದಿಲ್ಲ ಎಂದರು. ನಾನು ಅಷ್ಟೂ ದಿನ ಏಸಿಯ ಗಾಳಿ ಯಾವ ಕಿಂಡಿಯಿಂದ ಬರುತ್ತದೆ ಎಂಬುದನ್ನು ಬಿಟ್ಟು ಬೇರೇನೂ ನೋಡಿದವನಲ್ಲ.

ಜಯಂತಿಭಾಯ್ ನಮ್ಮನ್ನು ಸಾಬರಮತಿಗೆ ಕರೆದೊಯ್ದರು. ಆಗಿನ್ನೂ ನದಿಗೆ ಈಗಿನಂತೆ ಕಾಲುವೆಯಿಂದ ನೀರು ತುಂಬಿಸಿರಲಿಲ್ಲ. ಸೇತುವೆಗಳ ಕೆಳಗೆ ಮರಳು, ಕಲ್ಲಂಗಡಿ ಬಳ್ಳಿ, ಮೇಯುವ ಕತ್ತೆಗಳು. ಇಂಥ ಗಾಡಿಯ ಶಕ್ತಿ ತೋರಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮರಳಿನ ದಿಬ್ಬ ಹತ್ತಿಸಿ ಇಳಿಸಿ, ಸ್ಟೇರಿಂಗನ್ನು ನನಗೆ ಕೊಟ್ಟರು. ಕಮಲಕ್ಕ ತಡೆದರು. ಡಬ್ಬಿ ಹಿಡಿದು ಕೆಳಗಿಳಿದು, ಬಾನೆಟ್ಟಿನ ಮುಂದೆ ನಿಂತು ನನಗೆ ಕೂಗಿ ಹೇಳಿದರು: ಡಬ್ಬಿಯನ್ನು ನೆಲದ ಮೇಲೆ ಇಡುತ್ತೇನೆ, ಕಂಡರೆ ಕಂಡಿತು ಅನ್ನು. ಬಗ್ಗಿ ಎದ್ದರು.

ನಾನು ಉದ್ದಕ್ಕಿರುವ ಗಂಡಸು. ಕಾಣುತ್ತಿಲ್ಲ ಎನ್ನಲು ಬಾಯಿ ಬರಬೇಕಲ್ಲ. ಕಂಡಿತು ಎಂದೆ.

"ಡಬ್ಬಿ ಇನ್ನೂ ನನ್ನ ಕೈಯಾಗ ಅದ ನೋಡೋ," ಎಂದು ಕಮಲಕ್ಕ ಬೆನ್ನ ಹಿಂದಿನಿಂದ ಅದನ್ನು ತೆಗೆದು ತೋರಿಸಿದರು.

ಪಕ್ಕದಲ್ಲಿದ್ದ ಜಯಂತಿಭಾಯ್ ಕಿಟಕಿಯಾಚೆ ನೋಡುತ್ತ ಮೀಸೆ ಸವರಿಕೊಂಡರು. ಆಮೇಲೆ ಪ್ರಾಮಾಣಿಕವಾಗಿ ನಡೆಯಿತು ಪರೀಕ್ಷೆ. ಕಮಲಕ್ಕ ಒಂದೊಂದೇ ಹೆಜ್ಜೆ ಹಿಂದೆ ಸರಿದು ಡಬ್ಬಿ ಇಡುತ್ತ ಹೋದರು. ಏಳನೆಯ ಹೆಜ್ಜೆಗೆ ಅದರ ಮುಚ್ಚಳ ಮಿಂಚಿತು. ಅಲ್ಲಿ ಚಪ್ಪಲಿಯಿಂದ ಮರಳಿನಲ್ಲಿ ಗೆರೆ ಎಳೆದು ಬಂದು ಇನ್ನು ನಾನು ಎಂದರು. ನಾನು ಇಳಿದೆ, ಅವರು ಹತ್ತಿ ಕುಳಿತರು. ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಮುಂದಕ್ಕೆ ಜಾರಿದರು, ಆಗಲೂ ಎಟುಕಲಿಲ್ಲ. ಅವರ ಮುಖದಲ್ಲಿ ಅಷ್ಟು ಹೊತ್ತು ಇದ್ದ ತುಂಟತನ ಆರಿಹೋಯಿತು. ನಮ್ಮನಿಯವರು ಅಂದದ್ದು ಖರೇನ ಏನು, ಎಂದು ತಮ್ಮಷ್ಟಕ್ಕೆ ಅಂದುಕೊಂಡು ಬಾಗಿಲಿಗೆ ಕೈ ಹಾಕಿದರು. ಭಾನುವಾರ ಕನ್ನಡಿಯೊಳಗೆ ಮಗಳಲ್ಲಿ ನಾನು ಕಂಡದ್ದು ಈ ಮುಖವನ್ನೇ.

"ಅಕ್ಕಾರ, ಇಳೀಬ್ಯಾಡ್ರಿ," ಎಂದರು ಜಯಂತಿಭಾಯ್. "ಸೀಟಿನ ಬುಡಕ್ಕ ಒಂದು ಕಬ್ಬಿಣದ ಕಡ್ಡಿ ಐತಿ. ಅದನ್ನ ಎತ್ತಿ ಹಿಡದು ಮುಂದ ಜಗ್ಗರಿ."

ಸಚಿನ್‌ನ ನನ್ನ ಫ್ಯಾಕ್ಟರಿ ಆ ಕ್ಷಣವೇ ಮುಚ್ಚಿಹೋಯಿತು. ನದಿಯಲ್ಲಿ ನೀರಿದ್ದಿದ್ದರೆ ಹಾರುತ್ತಿದ್ದೆ. ಜಯಂತಿಭಾಯ್ ಹುಟ್ಟಿ ಬೆಳೆದದ್ದೂ ಹುಬ್ಬಳ್ಳಿಯಲ್ಲೇ ಅಂತೆ. ಕಛ್‌ನಿಂದ ಹೋದ ಅಪ್ಪನದು ಅಲ್ಲಿ ಮರ ಕೊಯ್ಯುವ ಮಿಲ್ಲು. ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ತೊದಲಿದೆ.

"ನಮ್ಮೂರ ಮಾತು ಕೇಳಿ ಭಾಳ ದಿನಾ ಆಗಿತ್ತರಿ. ನಾ ಬಾಯಿ ಬಿಟ್ಟಿದ್ರ ನೀವು ಸುಮ್ಮಕಾಗ್ತಿದ್ರಿ," ಎಂದರು. ಫ್ಯಾಕ್ಟರಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನಗೆ ನಾಚಿಕೆಯೂ ಆಗುತ್ತದೆ, ಅವರ ಮೇಲೆ ಪ್ರೀತಿಯೂ ಉಕ್ಕುತ್ತದೆ.

ಕಮಲಕ್ಕ ಕಡ್ಡಿ ಎತ್ತಿ ಜಗ್ಗಿದರು. ಕಾಲು ಎಟುಕಿತು. ಜಯಂತಿಭಾಯ್ ಇಳಿದು ಹೋಗಿ ಗೆರೆಯ ಮೇಲೆ ಡಬ್ಬಿ ಇಟ್ಟರು, ಕಾಣಲಿಲ್ಲ. ಇನ್ನಷ್ಟು ಹಿಂದೆ ಸರಿಸಿದರು, ಇಲ್ಲ. ಮತ್ತಷ್ಟು, ಕಂಡಿತು. ಕಮಲಕ್ಕ ಇಳಿದು ತಾವೇ ಅಳೆದರು. ಒಂಬತ್ತು ಹೆಜ್ಜೆ. ಅಲ್ಲಿಯೂ ಚಪ್ಪಲಿಯಿಂದ ಗೆರೆ ಎಳೆದು, ಎರಡೂ ಗೆರೆಗಳ ನಡುವೆ ನಿಂತರು.

"ನಿನಗ ಏಳು, ನನಗ ಒಂಬತ್ತು," ಎಂದರು ನನಗೆ. "ಈ ಎರಡು ಹೆಜ್ಜಿ ಸಲುವಾಗಿ ನನ್ನ ಜೀವನಪೂರ್ತಿ ಹಿಂದ ಕೂಡಸೋರಿದ್ರಲ್ಲೋ."

ಆಮೇಲೆ ಗಾಡಿ ಹತ್ತಿ, ಮೊದಲನೆಯ ಗೇರಿನಲ್ಲೇ, ಕತ್ತೆಗಳನ್ನು ಸುತ್ತಿಕೊಂಡು ಸಾಬರಮತಿಯಲ್ಲಿ ಒಂದು ಪ್ರದಕ್ಷಿಣೆ ಹಾಕಿದರು. ಹಿಂದಿನ ಸೀಟಿನಲ್ಲಿ ಕುಳಿತ ನಾನು ಏಸಿ ಹಾಕಿದೆಯೋ ಇಲ್ಲವೋ ಎಂದು ಗಮನಿಸಲೂ ಇಲ್ಲ. ಕೊನೆಗೆ ಅವರು ಕೊಟ್ಟ ತೀರ್ಪು: ಇದರಲ್ಲಿ ದೂರದ ಸೇತುವೆ ಚೆನ್ನಾಗಿ ಕಾಣುತ್ತದೆ, ಕಾಲಬುಡದ ಮಗು ಯಾರಿಗೂ ಕಾಣುವುದಿಲ್ಲ, ನಮಗೆ ಬೇಡ. ಜಯಂತಿಭಾಯ್ ಒಪ್ಪಿ, ಸಣ್ಣ ಗಾಡಿ ಮಾರುವ ಬೇರೆ ಷೋರೂಮಿನ ವಿಳಾಸವನ್ನು ತಾವೇ ಬರೆದುಕೊಟ್ಟರು. ಆ ಸಣ್ಣ ಗಾಡಿಯ ಮುಂದೆ ದೇಸಾಯರಿಗೂ ಬೇರೊಂದು ಡಬ್ಬಿಯಿಂದ ಇದೇ ಪರೀಕ್ಷೆ ನಡೆಯಿತು. ಅಲ್ಲಿ ಫರಕು ಒಂದೇ ಹೆಜ್ಜೆ. ದೀಪಾವಳಿಗೆ ಬಂದ ಕಾರನ್ನು ಕಮಲಕ್ಕನೇ ಹೊಡೆದರು. ಪಕ್ಕದಲ್ಲಿ ದೇಸಾಯರು ಬಾಗಿಲ ಮೇಲಿನ ಹಿಡಿಗೆ ಜೋತುಬಿದ್ದು, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದರು.

ಅವಲಕ್ಕಿಯ ಡಬ್ಬಿ ಅಂದು ನನ್ನ ಜತೆ ಮನೆಗೆ ಬಂತು. ಖಾಲಿ ಡಬ್ಬಿ ಹಿಂದಿರುಗಿಸಬಾರದು ಎನ್ನುತ್ತಾರೆ, ತುಂಬಿ ಕೊಡಲು ನನಗೆ ಅಡುಗೆ ಬಾರದು. ನಾಳೆ ನಾಳೆ ಎನ್ನುವಷ್ಟರಲ್ಲಿ ಅವರಿಗೆ ಮತ್ತೆ ವರ್ಗವಾಯಿತು. ಮುಚ್ಚಳದ ಮೇಲೆ ಕೊರೆಸಿದ ಅವರ ಹೆಸರು ಉಜ್ಜಿ ಉಜ್ಜಿ ಮಸುಕಾಗಿದೆ, ಓದಲು ಬರುತ್ತದೆ.

ಭಾನುವಾರ ಮಗಳ ತೊಡೆಯ ಮೇಲಿದ್ದದ್ದು ಅದೇ ಡಬ್ಬಿ. ನಾನು ಸೀಟಿನಿಂದ ಇಳಿದೆ. ಇಳಿದು, ಕೂತ್ಕೋ ಎಂದೆ, ಸೀಟು ಮುಂದಕ್ಕೆ ಎಳೆಯುವ ಕಡ್ಡಿ ತೋರಿಸಿದೆ. ಷೋರೂಮಿನವರು ಇದಕ್ಕೆ ಮುಂದೆ, ಹಿಂದೆ, ಎಲ್ಲ ಕಡೆ ಕ್ಯಾಮೆರಾ ಇದೆ ಎಂದರು. ಇರಲಿ ಎಂದು ಡಬ್ಬಿ ತೆಗೆದುಕೊಂಡು ಬಾನೆಟ್ಟಿನ ಮುಂದೆ ಹೋಗಿ ನೆಲದ ಮೇಲೆ ಇಟ್ಟು, ಕಾಣ್ತಿದೆಯಾ ಎಂದು ಕೇಳಿದೆ. ಮಗಳು ಕತ್ತು ಚಾಚಿ ನೋಡಿದಳು. ನಗು ಬಂದಿತ್ತು ಮುಖಕ್ಕೆ.

"ಇಲ್ಲ ಅಪ್ಪ, ಬರೀ ನೀವೇ ಕಾಣ್ತಿದ್ದೀರಿ. ಇನ್ನೂ ಸ್ವಲ್ಪ ಹಿಂದೆ ಹೋಗಿ."

ಹೋದೆ.