ವಾಸಂತಿಯ ಪಾಲಿನ ದ್ರಾಕ್ಷಿ

ಅರುವತ್ತಾರನೇ ಇಸವಿಯಲ್ಲಿ ಅಕ್ಕಿ ಸಾಕಷ್ಟು ಸಿಗದೆ ರೇಶನ್ ಅಂಗಡಿಗೆ ಗೋಧಿ ಬಂದಾಗ, ಆಲೆಟ್ಟಿ ಊರಿನವರಿಗೆ ಅದನ್ನು ತಿನ್ನಲು ಕಲಿಸುವ ಭಾರ ಗ್ರಾಮಸೇವಕನಾದ ನನ್ನ ಮೇಲೆ ಬಿತ್ತು. ಕುಚ್ಚಲಕ್ಕಿ ಗಂಜಿಯಿಲ್ಲದೆ ನನಗೇ ಹೊಟ್ಟೆ ತುಂಬುತ್ತಿರಲಿಲ್ಲ. ಆ ವಿಷಯ ಭಾಷಣದಲ್ಲಿ ಬರುತ್ತಿರಲಿಲ್ಲ. ಗೋಧಿ ನುಚ್ಚನ್ನು ತುಪ್ಪದಲ್ಲಿ ಹುರಿದು, ಒಣದ್ರಾಕ್ಷಿ, ಖರ್ಜೂರ ಹಾಕಿ ಬೇಯಿಸಿದರೆ ಸಸಾರಜನಕ ಎಷ್ಟು, ಕಬ್ಬಿಣದ ಅಂಶ ಎಷ್ಟು ಎಂದು ಶಾಲೆಯ ಜಗಲಿಯಲ್ಲಿ ಒಂದು ಗಂಟೆ ಹೇಳಿದೆ. ಕೇಳಿದವರು ಹನ್ನೊಂದು ಮಂದಿ. ಹತ್ತು ಮಂದಿ ಮನೆಗೆ ಹೋಗಿ ಗೋಧಿಯನ್ನು ದನಕ್ಕೆ ಹಾಕಿದರು.

ನಂಬಿದವರು ದೇವಕಿಯಕ್ಕ ಒಬ್ಬರೇ. ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳಕೊಂಡು, ಬೀಡಿ ಕಟ್ಟಿ ಮಗನನ್ನು ಬೆಳೆಸಿದವರು. ಸೊಸೆ ವಾಸಂತಿಗೆ ಆಗ ಏಳು ತಿಂಗಳು. ರಕ್ತ ಸಾಲದು, ಹೀಗೇ ಬಿಟ್ಟರೆ ಹೆರಿಗೆ ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಮುಂದಿನ ತಿಂಗಳು ಪರಿಶೀಲನೆಯೆಂದು, ಮುಂಚೆ ತಿಳಿಸದೆ ಅವರ ಮನೆಗೆ ಹೋದೆ. ಸರಿಯಾಗಿ ಊಟದ ಹೊತ್ತು.

"ಕಾಲು ತೊಳೀರಿ, ಬಾಳೆ ಹಾಕ್ತೇನೆ."

"ಎಂತಕ್ಕೆ ಮಾರಾಯ್ರೆ," ಎನ್ನುತ್ತಲೇ ಕಾಲು ತೊಳೆದೆ.

ಬಾಳೆಲೆಗೆ ಬಿದ್ದದ್ದು ನನ್ನದೇ ಭಾಷಣ. ದ್ರಾಕ್ಷಿ ಉಬ್ಬಿ ಮಿನುಗುತ್ತಿತ್ತು. ಎರಡನೇ ಸಲ ಬಡಿಸಿದಾಗಲೂ ಬೇಡ ಎನ್ನಲಿಲ್ಲ. ತಿನ್ನುತ್ತಾ, ಬಾಗಿಲ ಬಳಿ ನಿಂತಿದ್ದ ವಾಸಂತಿಗೆ ಕಬ್ಬಿಣದ ಅಂಶವನ್ನು ಇನ್ನೊಮ್ಮೆ ವಿವರಿಸಿದೆ. ಅವಳು ನನ್ನ ಬಾಳೆಯನ್ನೇ ನೋಡುತ್ತಾ ಕೇಳಿದಳು.

ಕೈ ತೊಳೆದು ವರದಿಯ ಪುಸ್ತಕ ತೆಗೆದೆ. "ಸೊಸೆಗೆ ಇದನ್ನು ಎಷ್ಟು ಸಲ ಕೊಡುದು?"

"ದ್ರಾಕ್ಷಿ ಸುಳ್ಯದಿಂದ ಬರ್ಬೇಕಲ್ಲ. ವಾರಕ್ಕೊಂದು ಸಲ."

"ಈ ವಾರ ಯಾವಾಗ?"

"ಇವತ್ತು."

ಒಳಗೆ ವಾಸಂತಿ ತನ್ನ ಬಟ್ಟಲಿಗೆ ಗಂಜಿ ಸುರಿದುಕೊಳ್ಳುವ ಸದ್ದು ಕೇಳಿತು.

"ನನಗೂ ಗಂಜಿ ಹಾಕಬಹುದಿತ್ತಲ್ಲ ದೇವಕಿಯಕ್ಕ," ಎಂದೆ.

"ಇದನ್ನು ತಿನ್ನಿ ಅಂತ ಊರಿಗೆಲ್ಲ ಹೇಳುವವರು ನೀವು. ನಿಮಗೆ ಗಂಜಿ ಹಾಕುದು ಹೇಗೆ?" ಅವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ತಿಂಗಳ ವರದಿಯಲ್ಲಿ ‘ಪೌಷ್ಟಿಕ ಆಹಾರ ಸೇವಿಸಿದವರು: ಒಬ್ಬರು’ ಎಂದು ಬರೆದೆ. ಹೆಸರಿನ ಜಾಗ ಖಾಲಿ ಬಿಟ್ಟೆ.

ಮರುವಾರ ದ್ರಾಕ್ಷಿ, ಖರ್ಜೂರದ ದೊಡ್ಡ ಪೊಟ್ಟಣ ಹಿಡಿದು ಹೋದೆ. ನನ್ನನ್ನು ಕಂಡದ್ದೇ ದೇವಕಿಯಕ್ಕ ಬಾಳೆಲೆ ಕೊಯ್ಯಲು ಹೊರಟರು. ಪೊಟ್ಟಣವನ್ನು ಜಗಲಿಯಲ್ಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಓಡಿದೆ. ಆ ಹೊತ್ತಿಗೆ ಬಸ್ಸಿಲ್ಲವೆಂದು ಅವರಿಗೂ ಗೊತ್ತಿತ್ತು. ಆಮೇಲೆ ಪ್ರತಿ ವಾರ ಬೇಲಿಯಾಚೆಯಿಂದಲೇ ಪೊಟ್ಟಣ ದಾಟಿಸಿದೆ.

ವಾಸಂತಿ ಕಷ್ಟವಿಲ್ಲದೆ ಹೆತ್ತಳು. ತೊಟ್ಟಿಲು ಹಾಕುವ ದಿನ ನನಗೂ ಕರೆಯಿತ್ತು. ಊಟವೆಲ್ಲ ಮುಗಿದಿರಬಹುದಾದ ಹೊತ್ತು ನೋಡಿ ಹೋದೆ.

ದೇವಕಿಯಕ್ಕ ಒಳಗಿನಿಂದ ಮುಚ್ಚಿಟ್ಟ ಪಾತ್ರೆ ತಂದರು.

"ನಿಮ್ಮ ಪಾಲು ತೆಗೆದಿಟ್ಟಿದ್ದೇನೆ," ಎಂದರು.