ಅಂಚು ಬಗ್ಗಿದ ತೂತಿನ ತಟ್ಟೆ

ಮೂತ್ರಪಿಂಡದಲ್ಲಿ ಕಲ್ಲಿದೆ ಎಂದು ಡಾಕ್ಟರು ಹೇಳಿದ ದಿನದಿಂದ ನಮ್ಮ ಮನೆಯಲ್ಲಿ ಬೆಳಗಾದರೆ ಬಾರ್ಲಿ ಬೇಯುತ್ತದೆ. ಬೇಯಿಸುವುದು ಹೆಂಡತಿ, ಸೋಸುವುದು ನಾನು. ಸೋಸಲು ಒಂದು ಹಳೆಯ ಅಲ್ಯುಮಿನಿಯಂ ತಟ್ಟೆಯಿದೆ. ಮೈತುಂಬ ತೂತು, ಒಂದು ಕಡೆ ಅಂಚು ಮೇಲಕ್ಕೆ ಬಗ್ಗಿದೆ. ಆ ಅಂಚಿನಿಂದಾಗಿ ಒಂದಿಷ್ಟು ನೀರು ಕಟ್ಟೆಯ ಮೇಲೆ ಚೆಲ್ಲುವುದೂ ದಿನನಿತ್ಯದ ಕಾರ್ಯಕ್ರಮವೇ. ನಿನ್ನೆ ಹೆಂಡತಿ ಹೊಸ ಸ್ಟೀಲ್ ಜರಡಿ ತಂದಿಟ್ಟು, ಹಳೆಯದನ್ನು ಗುಜರಿಯವನಿಗೆ ಕೊಟ್ಟುಬಿಡಿ ಎಂದಳು. ಆಗಲಿ ಎಂದೆ. ಇವತ್ತು ಬೆಳಿಗ್ಗೆ ಕೊನೆಯ ಸಲವೆಂದು ಅದರಲ್ಲೇ ಸೋಸಿದೆ. ತೂತುಗಳಿಂದ ಎದ್ದ ಬಿಸಿ ಬಾರ್ಲಿಯ ಆವಿ ಮೂಗಿಗೆ ಬಡಿದದ್ದೇ ತಡ, ನಾನು ಮಸ್ಕತ್ತಿನ ವಾದಿ ಅದಾಯ್ ಬಡಾವಣೆಯಲ್ಲಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮದು ಕಟ್ಟಡ ಕಟ್ಟುವ ಕಂಪನಿ. ನಾನು ಲೆಕ್ಕದ ವಿಭಾಗ, ಫೆಲಿಕ್ಸ್ ಪೊರ್ಬುಗಳು ಸ್ಟೋರ್ ಕೀಪರ್. ಊರಿನ ತುಳುವರು ಕ್ರೈಸ್ತ ಗಂಡಸರನ್ನು ಪೊರ್ಬುಗಳೆಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ರೂಢಿ. ಸಮುದ್ರ ದಾಟಿದರೂ ನಾನದನ್ನು ಬಿಟ್ಟಿರಲಿಲ್ಲ. ನನ್ನ ಸಂಸಾರ ಊರಲ್ಲಿತ್ತು. ಪೊರ್ಬುಗಳ ಮನೆ ನನ್ನ ರೂಮಿನ ಎದುರಿಗೇ ಇದ್ದುದರಿಂದ ಶುಕ್ರವಾರದ ಊಟ ಅವರ ಹೆಂಡತಿ ಲಿಲ್ಲಿ ಬಾಯಮ್ಮನ ಕೈಯದು. ಊಟಕ್ಕೆ ಕರೆಯುತ್ತಿದ್ದರೋ ನಾನೇ ಹೋಗುತ್ತಿದ್ದೆನೋ, ಆ ವಿಚಾರ ಈಗ ಬೇಡ.

ಆ ವರ್ಷ ಬಾಯಮ್ಮನಿಗೆ ಅಲ್ಲೇ ಹೆರಿಗೆಯಾಯಿತು, ಹೆಣ್ಣು ಮಗು. ನಾಮಕರಣಕ್ಕೆ ಊರಿಂದ ಅವರ ತಾಯಿ ಬರಬೇಕಿತ್ತು. ವೀಸಾ ಇವತ್ತು ನಾಳೆ ಎನ್ನುತ್ತಾ ಕೊನೆಗೆ ಬರಲೇ ಇಲ್ಲ. ತಾಯಿ ಬಾರದಿದ್ದರೆ ಬೇಡ, ಆ ದಿನ ತಾಯಿ ಮಾಡುವಂಥ ಸಾನ್ನಾ ಆದರೂ ಆಗಲೇಬೇಕು ಎಂದು ಬಾಯಮ್ಮ ಪಟ್ಟು ಹಿಡಿದರು. ಸಾನ್ನಾ ಎಂದರೆ ಅವರ ಕಡೆಯ ಇಡ್ಲಿ. ಉದ್ದಿಗಿಂತ ಹೆಚ್ಚಾಗಿ ಕಳ್ಳು ಅದನ್ನು ಉಬ್ಬಿಸುವುದು. ಒಮಾನಿನಲ್ಲಿ ಖರ್ಜೂರದ ಮರಗಳಿಗೇನೋ ಬರವಿರಲಿಲ್ಲ, ಕಳ್ಳು ಎಲ್ಲಿಂದ ಬರಬೇಕು? ಬೇಕರಿಯ ಯೀಸ್ಟ್ ಹಾಕಿ ಒಮ್ಮೆ ಮಾಡಿ ನೋಡಿದರು. ನಾನು ಆರು ತಿಂದು ಚೆನ್ನಾಗಿದೆ ಎಂದೆ. ಬಾಯಮ್ಮ ಒಂದನ್ನು ಮುರಿದು ಮೂಸಿ, ಬನ್ನಿನ ವಾಸನೆ ಎಂದು ತಟ್ಟೆ ದೂಡಿ, ಒಳಗೆ ಹೋಗಿ ಅತ್ತರು. ಏಳನೆಯದಕ್ಕೆ ಚಾಚಿದ್ದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ.

ಪೊರ್ಬುಗಳ ಹಟ ಬೇರೆಯದು. ಮಗಳ ನಾಮಕರಣಕ್ಕೆ ಬಂದವರಿಗೆ ತಾವೇ ಮಾಡಿದ ಬಿಯರ್ ಕುಡಿಸಬೇಕು. ಅಂಗಡಿಯ ಬಿಯರಿಗೆ ಪರವಾನಗಿ ಬೇಕು, ನಮ್ಮಂಥವರಿಗೆ ಅದು ದೂರದ ಮಾತು. ಮನೆಯಲ್ಲಿ ಮಾಡುವುದಂತೂ ಯಾರಿಗೂ ಹೇಳಿಕೊಳ್ಳುವ ವಿಷಯವಲ್ಲ. ಆದರೂ ಕಂಪನಿಯ ಒಬ್ಬ ಇಂಗ್ಲಿಷ್ ಇಂಜಿನಿಯರ್ ದೇಶಕ್ಕೆ ಹಿಂತಿರುಗುವಾಗ ಒಂದು ತೆಳು ಪುಸ್ತಕ, ಹಾಪ್ಸ್ ಎಂಬ ಕಹಿ ಹೂವಿನ ಪೊಟ್ಟಣ, ಬಿಯರಿನದೇ ಯೀಸ್ಟ್ ಇವರ ಕೈಗೆ ಹಾಕಿ ಹೋಗಿದ್ದ. ಡಬ್ಬಿಯಲ್ಲಿ ಬರುವ ಸಿದ್ಧ ಪಾಕದಿಂದ ಬೇಡ, ಇಡೀ ಬಾರ್ಲಿ ಕಾಳಿನಿಂದ ಮಾಡಿದರೇ ರುಚಿ ಎಂದು ಪುಸ್ತಕ ಹೇಳುತ್ತಿತ್ತು. ಅದಕ್ಕೆ ಬೇಕಾದ ಪಾತ್ರೆಪಗಡಗಳ ಚಿತ್ರಗಳೂ ಇದ್ದವು. ಆ ಚಿತ್ರಗಳನ್ನು ನೋಡಿಯೇ ನಮ್ಮ ಉತ್ಸಾಹ ಅರ್ಧ ಇಳಿಯಿತು.

ಆದರೆ ಪೊರ್ಬುಗಳು ಸ್ಟೋರ್ ಕೀಪರ್ ಅಲ್ಲವೇ? ಇಲ್ಲದ ಸಾಮಾನಿನ ಬದಲಿಗೆ ಇರುವುದರಲ್ಲಿ ಯಾವುದು ಒದಗುತ್ತದೆ ಎಂದು ಹುಡುಕುವುದೇ ಅವರ ಉದ್ಯೋಗ. ಮತ್ರಾದ ಸೂಕಿನಲ್ಲಿ, ಎಂದರೆ ಅಲ್ಲಿಯ ಹಳೆಯ ಪೇಟೆಯಲ್ಲಿ, ಆಡಿನ ಮೇವಿಗೆ ಮಾರುವ ಬಾರ್ಲಿ ಸಿಕ್ಕಿತು. ಹೆಸರುಕಾಳಿನಂತೆ ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಿ ತಾರಸಿಯಲ್ಲಿ ಒಣಗಿಸಿದೆವು. ನುಚ್ಚು ಮಾಡಿದ ಕಾಳನ್ನು ಬಿಸಿನೀರಿನಲ್ಲಿ ಆರದಂತೆ ನೆನೆಸಿಡಲು ಮೀನು ತರುವ ನೀಲಿ ಐಸ್ ಬಾಕ್ಸ್ ಆಯಿತು. ಲಿಂಬೆಹಣ್ಣಿನಲ್ಲಿ ಎಷ್ಟು ತಿಕ್ಕಿದರೂ ಅದರಲ್ಲಿ ಬಂಗುಡೆ ಸ್ವಲ್ಪ ಉಳಿದೇ ಇತ್ತು. ಕುದಿಸಲು ಹಳೆಯ ಬಿರಿಯಾನಿ ದೇಗ್ಚಿ. ಕುದಿದದ್ದನ್ನು ತಣಿಸಲು ತಾಮ್ರದ ಕೊಳವೆಯ ಸುರುಳಿ ಬೇಕಿತ್ತು. ಕೆಳಗಿನ ಏಸಿ ರಿಪೇರಿ ಅಂಗಡಿಯ ಹಮೀದಾಕ ಉಳಿದ ತುಂಡೊಂದನ್ನು ಸುತ್ತಿ ಕೊಟ್ಟರು. ಯಾಕೆ ಎಂದು ಕೇಳಿದ್ದಕ್ಕೆ, ಬಿಸಿ ತಣಿಸಲಿಕ್ಕೆ ಎಂದರು ಪೊರ್ಬುಗಳು. ಮಾತು ಸುಳ್ಳಲ್ಲ.

ಉಳಿದದ್ದು ಎರಡು: ಹುದುಗು ಬರಲು ಬಿಡುವ ಡ್ರಮ್, ಮತ್ತು ಐಸ್ ಬಾಕ್ಸಿನ ತಳದಲ್ಲಿ ಕಾಳನ್ನು ತಡೆದು ರಸವನ್ನಷ್ಟೇ ಕೆಳಗಿಳಿಸುವ ಜರಡಿ. ಡ್ರಮ್ಮು ಬಾಯಮ್ಮನ ಅಕ್ಕಿಯದು. ಜರಡಿ, ಅವರ ಸಾನ್ನಾ ಬೇಯಿಸುವ ಪಾತ್ರೆಯ ತೂತಿನ ತಟ್ಟೆ. ಹಾಗೇ ವಾಪಸು ಕೊಡುವ ಷರತ್ತಿನ ಮೇಲೆ ಕೊಟ್ಟರು. ಬಾಕ್ಸಿನೊಳಗೆ ಅದು ಕೂರಲಿಲ್ಲವೆಂದು ನಾನೇ ಇಕ್ಕಳ ಹಿಡಿದು ಅಂಚು ಬಗ್ಗಿಸಿದೆ.

ಒಂದು ಶುಕ್ರವಾರ ಬೆಳಿಗ್ಗೆಯಿಂದ ಮಾಡಿದೆವು. ರಸ ಇಳಿಯಿತು, ಕುದಿಯಿತು, ಮನೆಯೆಲ್ಲ ಘಮ್ಮೆಂದಿತು. ಇನ್ನು ಕೊಳವೆಯಲ್ಲಿ ತಣ್ಣೀರು ಹರಿಸಿ ಬೇಗ ತಣಿಸಬೇಕು. ಪುಸ್ತಕದಲ್ಲಿ ಬರೆದಿದ್ದಂತೆ ತಣ್ಣೀರಿನ ನಲ್ಲಿಗೆ ಪೈಪು ಸಿಕ್ಕಿಸಿ ಕೈಕಟ್ಟಿ ನಿಂತೆವು. ಎಷ್ಟು ಹೊತ್ತಾದರೂ ದೇಗ್ಚಿಗೆ ಬೆರಳಿಡಲು ಆಗುತ್ತಿಲ್ಲ. ಪೊರ್ಬುಗಳು ಕೊಳವೆ ಸಾಲದು ಎಂದರು, ನಾನು ತಾಮ್ರವೇ ಸರಿಯಿಲ್ಲ ಎಂದೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ ಬಾಯಮ್ಮ ಒಮ್ಮೆ ನಲ್ಲಿ ನೋಡಿದರು, ಒಮ್ಮೆ ನಮ್ಮನ್ನು.

"ಬಿಸಿನೀರಿನ ನಲ್ಲಿಗೆ ಹಾಕಿ ಮಾರಾಯ್ರೇ. ಬೆಳಿಗ್ಗೆ ನೀವು ಸ್ನಾನ ಮಾಡಿದ್ದು ಯಾವುದರಲ್ಲಿ?"

ಮಸ್ಕತ್ತಿನ ಬೇಸಿಗೆ ಕಂಡವರು ಈಗಾಗಲೇ ನಗುತ್ತಿರಬೇಕು. ಅಲ್ಲಿ ತಾರಸಿಯ ಟ್ಯಾಂಕು ಬಿಸಿಲಿಗೆ ಕಾದು ತಣ್ಣೀರಿನ ನಲ್ಲಿಯಲ್ಲಿ ಕೈ ಸುಡುತ್ತದೆ. ಸ್ವಿಚ್ಚು ಆರಿಸಿದ ಗೀಸರಿನಲ್ಲಿ ನಿಂತು ಆರಿದ ನೀರೇ ನಮಗೆ ತಣ್ಣೀರು. ವರ್ಷಗಟ್ಟಲೆ ಹಾಗೆಯೇ ಮಿಂದವರು, ಇಂಗ್ಲೆಂಡಿನ ಪುಸ್ತಕ ಕೈಗೆ ಬಂದೊಡನೆ ಎಲ್ಲ ಮರೆತಿದ್ದೆವು. ಪೈಪು ಬದಲಿಸಿ, ಐಸನ್ನೂ ಸುರಿದು ಅಂತೂ ತಣಿಸಿ, ಯೀಸ್ಟ್ ಹಾಕಿ ಮುಚ್ಚಳ ಬಿಗಿದೆವು. ಏನೇ ಆದರೂ ಮುಚ್ಚಳ ತೆಗೆಯಬಾರದು, ತೆಗೆದರೆ ಬಿಯರ್ ಹುಳಿಯಾಗುತ್ತದೆ ಎಂದು ಪುಸ್ತಕದಲ್ಲಿತ್ತು. ಪೊರ್ಬುಗಳು ಅಷ್ಟರಲ್ಲಿ ಸ್ನೇಹಿತರಿಗೆಲ್ಲ ಗುಟ್ಟಾಗಿ ಸುದ್ದಿ ಮುಟ್ಟಿಸಿಯೂ ಆಗಿತ್ತು.

ನಾಮಕರಣದ ಹಿಂದಿನ ದಿನ ಅಕ್ಕಿ ಅರೆದಿಟ್ಟ ಬಾಯಮ್ಮ ಡ್ರಮ್ಮಿನ ಬಳಿ ಸುಮ್ಮನೆ ನಿಂತಿದ್ದರು. ಮುಚ್ಚಳದ ಸಂದಿಯಿಂದ ವಾಸನೆ ಬರುತ್ತಿತ್ತು.

"ನಮ್ಮ ಮನೆಯ ಕಳ್ಳಿನ ಮಡಕೆ ಹೀಗೇ ಇರ್ತಿತ್ತು," ಎಂದರು. ಕೊಡಿ ಎಂದು ಕೇಳಲಿಲ್ಲ.

ಪೊರ್ಬುಗಳು ಹೆಂಡತಿಯ ಮುಖ ನೋಡಿದರು. ನಾನು ಪುಸ್ತಕವನ್ನು ಎತ್ತಿ ತೋರಿಸಿದೆ. ಅವರು ಅತ್ತ ನೋಡದೆ ಮುಚ್ಚಳ ಬಿಚ್ಚಿದರು. ಒಳಗೆ ಬೆಳ್ಳಗೆ ನೊರೆ ಏರಿ ನಿಂತಿತ್ತು.

"ತೆಗಿ ಲಿಲ್ಲಿ, ಎಷ್ಟು ಬೇಕೋ ಅಷ್ಟು ತೆಗಿ."

ಆ ನೊರೆ ಬೆರೆಸಿದ ಹಿಟ್ಟಿನ ಸಾನ್ನಾ ಮರುದಿನ ಹತ್ತಿಯ ಹಾಗೆ ಉಬ್ಬಿತ್ತು. ಬಗ್ಗಿದ ತಟ್ಟೆಯ ದೆಸೆಯಿಂದ ಒಂದು ಬದಿಯವು ವಾಲಿದ್ದವು, ಅಷ್ಟೇ. ಬಾಯಮ್ಮ ಮೊದಲನೆಯದನ್ನು ಮುರಿದು ಮೂಸಿ, ಕಣ್ಣು ಮುಚ್ಚಿ, ಆಮೇಲೆ ನಕ್ಕರು. ಬಂದವರೆಲ್ಲ ಬಿಯರ್ ಎಲ್ಲಿ ಎಂದು ಪೊರ್ಬುಗಳನ್ನು ಕಾಡಿದರು. ಮುಚ್ಚಳ ತೆಗೆದದ್ದನ್ನು ಕುಡಿಸಲು ಅವರು ಒಪ್ಪಲಿಲ್ಲ, ಎಲ್ಲರೂ ಚಹಾ ಕುಡಿದು ಹೋದರು. ಡ್ರಮ್ಮಿನಲ್ಲಿ ಉಳಿದದ್ದು ಪುಸ್ತಕ ಹೇಳಿದಂತೆಯೇ ಹುಳಿಯಾಯಿತು. ಬಾಯಮ್ಮ ಅದನ್ನು ವಿನೆಗರ್ ಮಾಡಿ ಮೀನಿನ ಉಪ್ಪಿನಕಾಯಿಗೆ ಹಾಕಿದರು. ತೊಂಬತ್ತರ ದಶಕದಲ್ಲಿ ನಾನು ಊರಿಗೆ ಮರಳುವಾಗ, ಬಗ್ಗಿಸಿದವರೇ ಇಟ್ಟುಕೊಳ್ಳಲಿ ಎಂದು ಬಾಯಮ್ಮ ತಟ್ಟೆಯನ್ನು ನನ್ನ ಪೆಟ್ಟಿಗೆಗೆ ತುರುಕಿದರು.

ಈ ಕತೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಇಬ್ಬರು ಪೆದ್ದರು ಬಿಯರ್ ಮಾಡಲು ಹೋಗಿ ಕೆಡಿಸಿದ ಕತೆ ಎಂದೇ ಹೇಳಿದ್ದೇನೆ. ಇವತ್ತು ಬಾರ್ಲಿ ನೀರಿನ ಲೋಟ ಹಿಡಿದು ಬಜ್ಪೆಯಲ್ಲಿರುವ ಪೊರ್ಬುಗಳಿಗೆ ಫೋನ್ ಮಾಡಿದೆ. ಅಷ್ಟು ಆಸೆಯಿಂದ ಮಾಡಿದ ಬಿಯರ್ ಹಾಳಾಯಿತಲ್ಲ, ಆವತ್ತು ಬೇಸರ ಆಗಲಿಲ್ಲವೇ ಎಂದು ಇಷ್ಟು ವರ್ಷಗಳ ಮೇಲೆ ಕೇಳಿದೆ.

"ಯಾವ ಬಿಯರ್ ಶೆಟ್ರೇ?" ಎಂದರು ಪೊರ್ಬುಗಳು. "ನಾವು ಮಾಡಿದ್ದು ಲಿಲ್ಲಿಯ ಸಾನ್ನಾಕ್ಕೆ ಅಲ್ವಾ?"

ಹೌದು ಎಂದೆ. ಫೋನ್ ಇಟ್ಟು, ಹೊಸ ಜರಡಿಯನ್ನು ಅದರ ಡಬ್ಬಿಗೆ ವಾಪಸು ಹಾಕಿ, ಕಟ್ಟೆಯ ಮೇಲೆ ಚೆಲ್ಲಿದ ನೀರನ್ನು ಒರೆಸಿದೆ.